‘ಮಾರಾಯ’ನ ಅನುವಾದ

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಪುವಿಗೂ ಕಾರ್ಕಳಕ್ಕೂ ನಡುವೆ ಇರುವ ನಮ್ಮ ಈ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ನಾನು ಇಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಂಘಟಕರು ನನಗೆ ‘ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’ ಎಂಬ ದೊಡ್ಡ ವಿಷಯ ಕೊಟ್ಟಿದ್ದರು. ದೊಡ್ಡ ವಿಷಯದ ಮೇಲೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ಒಂದು ಸಣ್ಣ ಪದವನ್ನು ಹಿಡಿದುಕೊಂಡು ಬಂದಿದ್ದೇನೆ. ಆ ಪದ ‘ಮಾರಾಯ’.

ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಇದನ್ನು ಹೇಳುತ್ತೇವೆಂದು ಯಾರೂ ಲೆಕ್ಕ ಇಟ್ಟಿಲ್ಲ. ಹುಡುಗನಾದರೆ ಮಾರಾಯ, ಹುಡುಗಿಯಾದರೆ ಮಾರಾಯ್ತಿ, ಸ್ವಲ್ಪ ಗೌರವ ಬೇಕಾದರೆ ಮಾರಾಯ್ರೆ. ಎದುರಿಗೆ ಯಾರೂ ಇಲ್ಲದಿದ್ದರೂ ‘ಎಂತ ಮಳೆ ಮಾರಾಯ’ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಮೂಲದಲ್ಲಿ ಅದು ಮಹಾರಾಯ, ಎಂದರೆ ಮಹಾರಾಜ. ಅರಮನೆಯಲ್ಲಿ ಇರಬೇಕಾದ ಪದ ಸವೆದು ಸವೆದು ಬಸ್ಸಿನ ಫುಟ್‌ಬೋರ್ಡಿಗೆ ಬಂದು ನಿಂತಿದೆ. ಈಗ ಇದನ್ನು ಬೇರೆ ಭಾಷೆಗೆ ಅನುವಾದಿಸಬೇಕೆಂದುಕೊಳ್ಳಿ. ನಿಘಂಟು ನೋಡಿ ‘ಮಹಾರಾಜ’ ಎಂದು ಹಾಕಿದರೆ ನಗು ಬರುತ್ತದೆ. ಬಿಟ್ಟೇ ಬಿಟ್ಟರೆ ಮಾತಿನ ಸಲುಗೆಯೇ ಹೋಗುತ್ತದೆ. ಈ ಇಕ್ಕಟ್ಟು ಏನೆಂದು ನನಗೆ ಸರಿಯಾಗಿ ಅರ್ಥವಾದದ್ದು ಕೆಲಸದ ಜಾಗದಲ್ಲಿ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಒಂದು ಮೊಬೈಲ್ ಆ್ಯಪ್ ತಯಾರಿಸುತ್ತಿತ್ತು. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವ ಆ್ಯಪ್ ಅದು. ಇಂಗ್ಲಿಷ್ ವಾಕ್ಯಗಳನ್ನು ಬರೆದವರು ಎಳೆಯ ಪ್ರಾಯದವರು. ಆಸ್ಪತ್ರೆಯ ಬಿಗುವು ಬೇಡ, ಗೆಳೆಯರ ಧಾಟಿ ಇರಲಿ ಎಂದು ‘ಹೇ ಬಡ್ಡಿ’, ‘ಹಾಯ್ ಗೈಸ್’ ಎಂದು ಬರೆದಿದ್ದರು. ಇಂಗ್ಲಿಷಿನ ಬಡ್ಡಿ ಎಂದರೆ ದೋಸ್ತಿ. ನಮ್ಮ ಸೊಸೈಟಿಯ ಬಡ್ಡಿ ಅಲ್ಲ. ಈ ವಾಕ್ಯಗಳು ಸ್ಪ್ಯಾನಿಷ್‌ಗೂ ಕನ್ನಡಕ್ಕೂ ಹೋಗಬೇಕಿತ್ತು.

ಇಂಥ ಕೆಲಸ ಹೇಗೆ ನಡೆಯುತ್ತದೆ ಎಂದು ವಿದ್ಯಾರ್ಥಿಗಳಿಗೆ ಸ್ವಲ್ಪ ಹೇಳುತ್ತೇನೆ. ಆ್ಯಪಿನ ಪರದೆಯ ಮೇಲೆ ಕಾಣುವ ಪ್ರತಿಯೊಂದು ವಾಕ್ಯವನ್ನೂ ತೆಗೆದು ಒಂದು ಪಟ್ಟಿ ಮಾಡುತ್ತೇವೆ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಕಾಲಂ. ಅನುವಾದಕರು ಆ ಖಾಲಿ ಕಾಲಂ ತುಂಬುತ್ತಾರೆ. ಅವರಿಗೆ ಕಾಣುವುದು ವಾಕ್ಯ ಮಾತ್ರ. ಹೇಳುವವರು ಯಾರು, ಕೇಳುವವರು ಯಾರು, ಬೆಳಗ್ಗೆಯೋ ರಾತ್ರಿಯೋ, ಯಾವುದೂ ಕಾಣುವುದಿಲ್ಲ.

ಮೊದಲು ಬಂದ ಕನ್ನಡ ಪಟ್ಟಿಯಲ್ಲಿ ‘ಏಯ್ ಗೆಳೆಯಾ, ನೀನು ಇವತ್ತು ಮಾತ್ರೆ ತಿಂದಿಲ್ಲ’ ಎಂದಿತ್ತು. ವ್ಯಾಕರಣದಲ್ಲಿ ಒಂದು ದೋಷವೂ ಇಲ್ಲ. ಆದರೆ ಕಾರ್ಕಳದ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಎಪ್ಪತ್ತು ದಾಟಿದ ಹಿರಿಯರೊಬ್ಬರ ಮೊಬೈಲಿನಲ್ಲಿ ಈ ವಾಕ್ಯ ಬಂದರೆ ಏನಾಗಬಹುದು? ಮಾತ್ರೆ ತಿನ್ನುವ ಮೊದಲೇ ಬಿ.ಪಿ. ಏರುತ್ತದೆ.

ಸ್ಪ್ಯಾನಿಷ್ ಪಟ್ಟಿ ಬರಲೇ ಇಲ್ಲ. ಅದರ ಬದಲು ಮೆಕ್ಸಿಕೋದ ಅನುವಾದಕಿಯಿಂದ ಪ್ರಶ್ನೆಗಳು ಬಂದವು. ಇದು ಯಾವ ದೇಶದವರಿಗೆ? ಓದುವವರ ವಯಸ್ಸೆಷ್ಟು? ಹೇಳುವವರು ವೈದ್ಯರೋ, ಮನೆಯವರೋ, ಗೆಳೆಯರೋ? ನಮ್ಮ ತಂಡದಲ್ಲಿ ಕೆಲವರಿಗೆ ಇದು ಅತಿಯಾಯಿತು ಎನಿಸಿತು. ಒಂದು ‘ಗೈಸ್’ ಪದಕ್ಕೆ ಇಷ್ಟು ಪ್ರಶ್ನೆಯೇ ಎಂದರು.

ಆದರೆ ಪ್ರಶ್ನೆ ನ್ಯಾಯವಾದದ್ದೇ. ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಆಡಳಿತ ಭಾಷೆ. ಇಂಗ್ಲಿಷಿನ ಗೈ, ಡ್ಯೂಡ್ ಎಂಬ ಸಲುಗೆಯ ಪದಗಳಿಗೆ ಅಲ್ಲಿ ಎಲ್ಲರಿಗೂ ಒಪ್ಪುವ ಒಂದು ಪದ ಇಲ್ಲ. ಸ್ಪೇನಿನಲ್ಲಿ ಗೆಳೆಯನನ್ನು ‘ತೀಯೊ’ ಎನ್ನುತ್ತಾರೆ. ಅದರ ನೇರ ಅರ್ಥ ಮಾವ ಅಥವಾ ಚಿಕ್ಕಪ್ಪ. ನಮ್ಮವರು ಸಂಬಂಧವೇ ಇಲ್ಲದವನನ್ನೂ ‘ಬಾವ’ ಎಂದು ಕರೆಯುವುದಿಲ್ಲವೇ, ಹಾಗೆ. ಮೆಕ್ಸಿಕೋದಲ್ಲಿ ಅದೇ ಜಾಗಕ್ಕೆ ‘ಗ್ವೇ’ ಬರುತ್ತದೆ. ಅದು ಎತ್ತು ಎಂಬ ಅರ್ಥದ ಪದದಿಂದ ಹುಟ್ಟಿದ್ದು. ಮೊದಲು ದಡ್ಡ ಎಂಬ ಬೈಗುಳವಾಗಿತ್ತು, ಈಗ ಗೆಳೆಯರ ನಡುವೆ ಉಸಿರಿಗೊಮ್ಮೆ ಬರುತ್ತದೆ. ಆದರೆ ಅಪರಿಚಿತ ಹಿರಿಯರಿಗೆ ಹೇಳಿದರೆ ಇವತ್ತಿಗೂ ಬೈಗುಳವೇ. ಅರ್ಜೆಂಟೀನಾದಲ್ಲಿ ‘ಚೆ’ ಎನ್ನುತ್ತಾರೆ. ಕ್ರಾಂತಿಕಾರಿ ಚೆ ಗೆವಾರನ ಚಿತ್ರವಿರುವ ಟೀ ಶರ್ಟನ್ನು ಮಣಿಪಾಲದ ಹುಡುಗರು ಹಾಕಿಕೊಂಡು ಓಡಾಡುವುದನ್ನು ನೀವು ನೋಡಿರಬಹುದು. ಆತನ ನಿಜ ಹೆಸರು ಎರ್ನೆಸ್ಟೊ. ಅರ್ಜೆಂಟೀನಾದವನಾದ ಆತ ಮಾತುಮಾತಿಗೆ ‘ಚೆ’ ಎನ್ನುತ್ತಿದ್ದುದರಿಂದ ಕ್ಯೂಬಾದ ಗೆಳೆಯರು ಅದನ್ನೇ ಹೆಸರಾಗಿ ಇಟ್ಟರು. ನಮ್ಮೂರಿನವನೊಬ್ಬ ಹೊರದೇಶಕ್ಕೆ ಹೋಗಿ ‘ಮಾರಾಯ’ ಎಂಬ ಹೆಸರಿನಿಂದಲೇ ಲೋಕಪ್ರಸಿದ್ಧನಾದ ಹಾಗಾಯಿತು ಇದು.

ಇಂಗ್ಲಿಷಿನ ‘ಗೈ’ಗೂ ಒಂದು ಕಥೆ ಉಂಟು. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ಮದ್ದಿಟ್ಟು ಸಿಡಿಸಲು ಹೊರಟ ಸಂಚಿನಲ್ಲಿ ಸಿಕ್ಕಿಬಿದ್ದವನು ಗೈ ಫಾಕ್ಸ್. ಅವನ ಬೆದರುಬೊಂಬೆ ಮಾಡಿ ಪ್ರತಿ ವರ್ಷ ನವೆಂಬರ್ 5ರಂದು ಸುಡುವ ರೂಢಿ ಬಂತು. ಆ ಬೊಂಬೆಗೆ ಗೈ ಎಂದರು. ಮುಂದೆ ವಿಚಿತ್ರ ವೇಷದವನೆಲ್ಲ ಗೈ ಆದ. ಅಮೆರಿಕಕ್ಕೆ ಹೋಗುವ ಹೊತ್ತಿಗೆ ಯಾವ ಗಂಡಸಾದರೂ ಗೈ. ಈಗ ‘ಗೈಸ್’ ಎಂದರೆ ಹೆಂಗಸರೂ ಸೇರಿದಂತೆ ಎಲ್ಲರೂ. ನಮ್ಮಲ್ಲಿ ಮಹಾರಾಜ ಇಳಿದು ಗೆಳೆಯನಾದ. ಅಲ್ಲಿ ಸುಡುವ ಬೊಂಬೆ ಏರಿ ಗೆಳೆಯನಾಯಿತು. ಇಂಥ ಪದಗಳನ್ನು ಅನುವಾದ ಮಾಡುವಾಗ ಮೂಲ ಅರ್ಥ ಏನೂ ಸಹಾಯ ಮಾಡುವುದಿಲ್ಲ. ಯಾರು ಯಾರಿಗೆ ಹೇಳುತ್ತಾರೆ ಎಂಬುದೇ ಅವುಗಳ ಅರ್ಥ.

ಕೊನೆಗೆ ನಾವು ಮಾಡಿದ್ದು ಇಷ್ಟೆ. ಪಟ್ಟಿಗೆ ಒಂದು ಹೊಸ ಕಾಲಂ ಸೇರಿಸಿದೆವು. ಅದರ ತಲೆಬರಹ ‘ಯಾರು ಯಾರಿಗೆ’. ಪ್ರತಿಯೊಂದು ವಾಕ್ಯದ ಎದುರು ಹೇಳುವವರು, ಕೇಳುವವರು, ಅವರ ಅಂದಾಜು ಪ್ರಾಯ ಬರೆದೆವು. ಕನ್ನಡದಲ್ಲಿ ‘ನೀವು’ ಬಂತು, ಗೆಳೆಯ ಹೋದ. ಸ್ಪ್ಯಾನಿಷಿನಲ್ಲಿ ದೇಶಕ್ಕೊಂದು ಆಡುಪದ ಹುಡುಕುವುದನ್ನು ಬಿಟ್ಟು, ಕೇಳುವವರ ಹೆಸರನ್ನೇ ಹಾಕಿ ಮರ್ಯಾದೆಯ ರೂಪ ಬಳಸಿದೆವು. ಕೆಲವು ಕಡೆ ಸಲುಗೆಯ ಪದವನ್ನು ಬಿಟ್ಟುಬಿಡುವುದೇ ಒಳ್ಳೆಯ ಅನುವಾದ.

ಈ ಮರ್ಯಾದೆಯ ರೂಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷಿಗೆ ಒಂದೇ ‘ಯೂ’. ನಾಯಿಗೂ ಯೂ, ನ್ಯಾಯಾಧೀಶರಿಗೂ ಯೂ. ಸ್ಪ್ಯಾನಿಷಿನಲ್ಲಿ ಸಲುಗೆಗೆ ‘ತೂ’, ಗೌರವಕ್ಕೆ ‘ಉಸ್ತೇದ್’, ಬಹುವಚನಕ್ಕೆ ‘ಉಸ್ತೇದೆಸ್’. ಉಸ್ತೇದ್ ಹುಟ್ಟಿದ್ದು ‘ತಮ್ಮ ಕೃಪೆ’ ಎಂಬಂಥ ಅರ್ಥದ ಎರಡು ಪದಗಳು ಸವೆದು. ನಮ್ಮ ಮಾರಾಯ ಸವೆದ ಹಾಗೆಯೇ. ಬೆಂಗಳೂರಿನ ನನ್ನ ಜೊತೆಗಾರರಿಗೆ ಈ ಮೂರನ್ನು ಬಿಡಿಸಿ ಹೇಳುವುದು ಕಷ್ಟವಾಯಿತು. ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಏಕೆಂದರೆ ನನ್ನ ಮನೆಮಾತು ತುಳು. ನಮ್ಮಲ್ಲಿ ಸಲುಗೆಗೆ ‘ಈ’, ಗೌರವಕ್ಕೆ ‘ಈರ್’, ಹಲವರಿಗೆ ‘ನಿಕುಲು’. ಕನ್ನಡದಲ್ಲಿ ಗೌರವಕ್ಕೂ ಬಹುವಚನಕ್ಕೂ ‘ನೀವು’ ಒಂದೇ. ತುಳುವಿನಲ್ಲಿ ಅವು ಬೇರೆ ಬೇರೆ, ಸ್ಪ್ಯಾನಿಷಿನಲ್ಲಿ ಇರುವ ಹಾಗೆ. ಕೊಂಕಣಿ ಮಾತಾಡುವವರಿಗೆ ಇನ್ನೊಂದು ಲಾಭ: ಅವರ ‘ತೂಂ’ ಮತ್ತು ಸ್ಪೇನಿನ ‘ತೂ’ ಒಂದೇ ಮೂಲದ ದೂರದ ನೆಂಟರು.

ವಿದ್ಯಾರ್ಥಿಗಳೇ, ನೀವು ಮನೆಯಲ್ಲಿ ಆಡುವ ಭಾಷೆ ಇಂಗ್ಲಿಷ್ ಕಲಿಯುವುದಕ್ಕೆ ಅಡ್ಡಿ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ. ನೀವು ಬೆಳಗ್ಗೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರ ಕನ್ನಡ ಆಡಿ, ಬಸ್ಸಿನಲ್ಲಿ ಇನ್ನೊಂದು ಆಡಿ, ತರಗತಿಯಲ್ಲಿ ಪುಸ್ತಕದ ಕನ್ನಡ ಓದುತ್ತೀರಿ. ಯಾರಿಗೆ ‘ಈ’, ಯಾರಿಗೆ ‘ಈರ್’ ಎಂದು ಯೋಚಿಸದೆಯೇ ಸರಿಯಾಗಿ ಆರಿಸುತ್ತೀರಿ. ನಮ್ಮ ಕಂಪನಿಯಲ್ಲಿ ಹೊಸ ಕಾಲಂ ಹಾಕಿ ಕಲಿಯಬೇಕಾದದ್ದು ನಿಮಗೆ ಬಾಯಲ್ಲಿ ಇದೆ.

ಇನ್ನು ಯಂತ್ರದ ವಿಷಯ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ, ಕೊಂಕಣಿ 2022ರಲ್ಲಿ, ತುಳು 2024ರ ಜೂನ್‌ನಲ್ಲಿ. ತುಳುವಿಗೆ ನಿಘಂಟಿನ ಕೊರತೆ ಇರಲಿಲ್ಲ. ಬಾಸೆಲ್ ಮಿಷನ್ನಿನ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲೇ ಮಂಗಳೂರಿನಲ್ಲಿ ಅಚ್ಚಾಗಿತ್ತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ಒಳಗೆ ಆರು ಸಂಪುಟಗಳ ತುಳು ನಿಘಂಟು ಬಂತು. ಆದರೆ ಇಂದಿನ ಯಂತ್ರ ನಿಘಂಟು ನೋಡಿ ಕಲಿಯುವುದಿಲ್ಲ. ರಾಶಿ ರಾಶಿ ಬರಹವನ್ನು ಓದಿ, ಯಾವ ಪದದ ಹತ್ತಿರ ಯಾವ ಪದ ಬರುತ್ತದೆಂದು ನೋಡಿ ಕಲಿಯುತ್ತದೆ. ಅದಕ್ಕೆ ಸಿಗುವ ಬರಹ ಹೆಚ್ಚಾಗಿ ಸುದ್ದಿ, ಆದೇಶ, ಲೇಖನ. ಅಂಗಳದಲ್ಲಿ, ದೋಣಿಯಲ್ಲಿ, ಕಂಬಳದ ಗದ್ದೆಯ ಬದಿಯಲ್ಲಿ ಆಡಿದ ಮಾತು ಬರಹಕ್ಕೆ ಬರುವುದೇ ಇಲ್ಲ. ಹಾಗಾಗಿ ಯಂತ್ರಕ್ಕೆ ಸರ್ಕಾರಿ ಸುತ್ತೋಲೆ ಅರ್ಥವಾಗುವಷ್ಟು ‘ಎಂತ ಮಾರಾಯ’ ಅರ್ಥವಾಗುವುದಿಲ್ಲ.

ಕರೆಯುವ ಪದಗಳಲ್ಲಿ ನಮ್ಮ ಊರಿನ ಚರಿತ್ರೆಯೂ ಅಡಗಿದೆ. ಈ ಶಾಲೆ ತೆರೆದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಲಿ. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ನಮ್ಮ ಜಿಲ್ಲೆಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಅದಕ್ಕೆ ಮೊದಲು ಧಣಿಗಳ ಮನೆಯಂಗಳದಲ್ಲಿ ನಿಂತು ಪ್ರಾಯದ ಒಕ್ಕಲು ‘ಈರ್’ ಎನ್ನುತ್ತಿದ್ದ. ಮೊಮ್ಮಗನ ಪ್ರಾಯದ ಸಣ್ಣ ಧಣಿ ಅವನಿಗೆ ‘ಈ’ ಎನ್ನುತ್ತಿದ್ದ. ಕಾಯ್ದೆಯಲ್ಲಿ ಸರ್ವನಾಮದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಆದರೂ ಸರ್ವನಾಮ ಬದಲಾಯಿತು. ಭೂಮಿ ಅದರಲ್ಲಿ ಅರ್ಧ ಕೆಲಸ ಮಾಡಿತು, ಉಳಿದರ್ಧ ಇಂಥ ಶಾಲೆಗಳು ಮಾಡಿದವು. ಇಬ್ಬರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಒಬ್ಬರಿಗೊಬ್ಬರು ‘ಮಾರಾಯ’ ಎನ್ನಲು ಕಲಿತದ್ದು ಈ ಕೋಣೆಗಳಲ್ಲೇ. ಆ ಪದವನ್ನು ಅನುವಾದಿಸುವುದಾದರೆ ಇದನ್ನೂ ಸೇರಿಸಿ ಅನುವಾದಿಸಬೇಕು.

ಈಗ ಸ್ವಲ್ಪ ಕಹಿಯಾದ ವಿಷಯಕ್ಕೆ ಬರುತ್ತೇನೆ. ಜನರನ್ನು ಕರೆಯುವ ಎಲ್ಲ ಪದಗಳೂ ಸಿಹಿಯಲ್ಲ.

ನಮ್ಮ ಹಿಂದಿನ ತಲೆಮಾರಿನವರು ಹತ್ತು ಹನ್ನೆರಡು ವರ್ಷ ತುಂಬುವ ಮೊದಲೇ ಮುಂಬಯಿಗೆ ಹೋಗಿ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದವರು. ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು. ಇಲ್ಲಿ ಅವರಿಗೆ ಮನೆತನ, ಊರು, ಹೆಸರು ಎಲ್ಲ ಇತ್ತು. ಅಲ್ಲಿ ಎಲ್ಲರೂ ಒಂದೇ ಪದ: ಮದ್ರಾಸಿ. ಮದ್ರಾಸನ್ನು ಕಣ್ಣಲ್ಲಿ ನೋಡದವರೂ ಮದ್ರಾಸಿಗಳೇ. ಗಿರಾಕಿ ಪ್ರೀತಿಯಿಂದ ‘ಅಣ್ಣಾ’ ಎಂದು ಕರೆದು ಇಡ್ಲಿ ಕೇಳುತ್ತಿದ್ದ, ಅದೂ ಸತ್ಯ. ಆದರೆ 1960ರ ದಶಕದ ಕೊನೆಗೆ ದಕ್ಷಿಣದವರ ವಿರುದ್ಧ ಅಲ್ಲಿ ಚಳವಳಿ ಎದ್ದಾಗ, ಹೋಟೆಲುಗಳ ಗಾಜು ಒಡೆದಾಗ, ಗುಂಪಿನ ಬಾಯಲ್ಲಿ ಇದ್ದದ್ದು ಅಣ್ಣಾ ಎಂಬ ಪದವಲ್ಲ. ಮದ್ರಾಸಿ ಎಂದರೆ ನಿಘಂಟಿನ ಪ್ರಕಾರ ಮದ್ರಾಸಿನವನು, ಅಷ್ಟೇ. ಅದನ್ನು ಕೇಳಿಸಿಕೊಂಡವರಿಗೆ ಅದರ ನಿಜವಾದ ಅರ್ಥ ಗೊತ್ತು.

ಈಗ ನಾವು ನಮ್ಮ ನಾಲಿಗೆಯ ಕಡೆ ನೋಡೋಣ. ಉಡುಪಿ, ಮಣಿಪಾಲದಲ್ಲಿ ಎದ್ದು ನಿಂತಿರುವ ಎತ್ತರದ ಕಟ್ಟಡಗಳನ್ನು ಕಟ್ಟಿದವರು ಯಾರು? ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದ ಕುಟುಂಬಗಳು, ಇತ್ತೀಚೆಗೆ ಉತ್ತರ ಭಾರತದವರೂ. ಅವರನ್ನು ನಾವು ಏನೆಂದು ಕರೆಯುತ್ತೇವೆ? ‘ಘಟ್ಟದವರು’, ತುಳುವಿನಲ್ಲಿ ‘ಘಟ್ಟದಾಕುಲು’. ಉತ್ತರ ಭಾರತದವನಾದರೆ ‘ಭಯ್ಯಾ’. ಘಟ್ಟದವರು ಎಂದರೆ ಘಟ್ಟದ ಮೇಲಿನವರು. ನಿಘಂಟಿನಲ್ಲಿ ಏನೂ ತಪ್ಪಿಲ್ಲ. ಭಯ್ಯಾ ಎಂದರೆ ಅಣ್ಣ, ಅದರಲ್ಲೂ ತಪ್ಪಿಲ್ಲ. ಆದರೆ ‘ಯಾರು ಯಾರಿಗೆ’ ಕಾಲಂ ತುಂಬಿಸಿ ನೋಡಿ. ಬಾಡಿಗೆ ಮನೆ ಕೇಳಲು ಬಂದವರ ಬಗ್ಗೆ ಒಳಗೆ ಹೋಗಿ ಹೇಳುವಾಗ, ಕೂಲಿ ಮಾತಾಡುವಾಗ, ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟು ನಿಲ್ಲುವಾಗ ಆ ಪದದ ಅರ್ಥ ಏನಾಗುತ್ತದೆ? ನಮ್ಮ ಅಜ್ಜಂದಿರ ಕಿವಿಗೆ ಬಿದ್ದ ‘ಮದ್ರಾಸಿ’ಗೆ ತುಳುವಿನಲ್ಲಿ ಸರಿಯಾದ ಅನುವಾದ ಕೇಳಿದರೆ ನಾನು ‘ಘಟ್ಟದಾಕುಲು’ ಎಂದೇ ಕೊಡಬೇಕಾಗುತ್ತದೆ.

ಇದನ್ನು ಈ ವೇದಿಕೆಯಲ್ಲಿ ಹೇಳಲು ಕಾರಣ ಇದೆ. ಊರಿನ ಅನೇಕ ಮಕ್ಕಳು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಿರುವಾಗ, ಕರಾವಳಿಯ ಎಷ್ಟೋ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕ ಉಳಿದಿರುವುದು ಈ ದುಡಿಯುವವರ ಮಕ್ಕಳಿಂದ. ನಮ್ಮ ಶಾಲೆಯಲ್ಲೂ ಹಾಗೆಯೇ. ಇವತ್ತು ಸ್ವಾಗತ ಗೀತೆ ಹಾಡಿದ ತಂಡದಲ್ಲೂ ಅವರಿದ್ದರು.

ಇಲ್ಲಿನ ಅಧ್ಯಾಪಕಿಯೊಬ್ಬರು ನನಗೆ ಹೇಳಿದ ಒಂದು ಸಂಗತಿ: ಎಂಟನೆಯ ತರಗತಿಗೆ ಹೊಸದಾಗಿ ಬಂದ ಹುಡುಗನೊಬ್ಬ ಪಕ್ಕದವನನ್ನು ‘ಬಾರಲೇ’ ಎಂದು ಕರೆದನಂತೆ. ಬಯಲುಸೀಮೆಯಲ್ಲಿ ಗೆಳೆಯರ ನಡುವೆ ‘ಲೇ’ ಎಂಬುದು ನಮ್ಮ ಮಾರಾಯನ ಹಾಗೆ. ನಮ್ಮ ಕಿವಿಗೆ ಅದು ಬೈಗುಳ. ಹೊಡೆದಾಟವೇ ಆಯಿತು. ಆ ಅಧ್ಯಾಪಕಿ ಇಬ್ಬರಿಗೂ ಬೆತ್ತ ತೋರಿಸಲಿಲ್ಲ. ಇಡೀ ತರಗತಿಗೆ ಒಂದು ಕೆಲಸ ಕೊಟ್ಟರು: ನಿಮ್ಮ ಮನೆಯಲ್ಲಿ ಗೆಳೆಯನನ್ನು, ಅಕ್ಕನನ್ನು, ಅಜ್ಜನನ್ನು, ಅಂಗಡಿಯವರನ್ನು ಹೇಗೆ ಕರೆಯುತ್ತೀರಿ, ಬರೆದು ತನ್ನಿ. ಮರುದಿನ ಬೋರ್ಡು ತುಂಬಿತು. ಯಪ್ಪಾ, ಯವ್ವಾ, ದೋಸ್ತ, ಕಾಕಾ ಒಂದು ಕಡೆ. ಅಮ್ಮೆ, ಅಪ್ಪೆ, ಅಣ್ಣೆ ಇನ್ನೊಂದು ಕಡೆ. ತುಳುವಿನಲ್ಲಿ ‘ಅಮ್ಮೆ’ ಎಂದರೆ ತಂದೆ, ‘ಅಪ್ಪೆ’ ಎಂದರೆ ತಾಯಿ ಎಂದು ಗೊತ್ತಾದಾಗ ಹೊಸ ಹುಡುಗರು ನಕ್ಕು ಸುಸ್ತಾದರಂತೆ. ಅವರು ಮಾತಿನ ಕೊನೆಗೆಲ್ಲ ‘ರೀ’ ಸೇರಿಸಿ ಎಷ್ಟು ಮರ್ಯಾದೆ ಕೊಡುತ್ತಾರೆಂದು ನಮ್ಮ ಹುಡುಗರಿಗೆ ಆಗ ತಿಳಿಯಿತು. ಒಂದು ವಾರದಲ್ಲಿ ಆ ಇಬ್ಬರಲ್ಲಿ ಒಬ್ಬ ‘ಬಾರಲೇ ಮಾರಾಯ’ ಎನ್ನತೊಡಗಿದ್ದನಂತೆ. ದೊಡ್ಡ ಕಂಪನಿಗಳು ಹಣ ಸುರಿದು ಮಾಡಿಸುವ ಕೆಲಸವನ್ನು ಆ ಅಧ್ಯಾಪಕಿ ಒಂದು ಸೀಮೆಸುಣ್ಣದಲ್ಲಿ ಮಾಡಿದರು.

ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗೆ ನನ್ನದೊಂದು ಸಲಹೆ. ರಂಗಮಂದಿರ, ಗೇಟು, ಕುಡಿಯುವ ನೀರಿನ ಘಟಕ ಎಲ್ಲವೂ ಬೇಕು. ಅದಕ್ಕೆ ನಮ್ಮ ಬ್ಯಾಚಿನವರು ಕೈಜೋಡಿಸಿದ್ದೇವೆ. ಅದರ ಜೊತೆಗೆ ಒಂದು ದಪ್ಪ ನೋಟುಪುಸ್ತಕ ಇಡೋಣ. ‘ಕರೆಯುವ ಪದಗಳ ಪುಸ್ತಕ’ ಎಂದು ಹೆಸರಿಡೋಣ. ನಾಲ್ಕು ಕಾಲಂ ಸಾಕು: ಪದ, ಭಾಷೆ, ಯಾರು ಯಾರಿಗೆ, ಯಾರಿಗೆ ಹೇಳಬಾರದು. ಪ್ರತಿ ವರ್ಷ ಎಂಟನೆಯ ತರಗತಿಯವರು ಮನೆಯಲ್ಲಿ ಕೇಳಿ ತುಂಬಿಸಲಿ. ತುಳು, ಕೊಂಕಣಿ, ಬ್ಯಾರಿ, ಕೊರಗ, ಉರ್ದು, ಬಯಲುಸೀಮೆಯ ಕನ್ನಡ, ಯಾವುದನ್ನೂ ಬಿಡಬೇಡಿ. ನಾಲ್ಕನೆಯ ಕಾಲಂ ತುಂಬಿಸುವಾಗ ದೊಡ್ಡವರೂ ಪಕ್ಕದಲ್ಲಿ ಕುಳಿತಿರಲಿ. ಅದನ್ನು ಕಂಪ್ಯೂಟರಿಗೆ ಏರಿಸುವ, ಹಾಳಾಗದಂತೆ ಕಾಪಾಡುವ ಕೆಲಸ ನನ್ನದು. ಮುಂದೊಂದು ದಿನ ಅದು ಯಂತ್ರಕ್ಕೂ ಉಪಯೋಗಕ್ಕೆ ಬರಬಹುದು. ಮೊದಲು ನಮಗೆ ಉಪಯೋಗಕ್ಕೆ ಬರಲಿ.

ಬಾಡಿಗೆ ಮನೆ ಕೇಳಲು ಬರುವವರಿಗೆ, ಸಾರಣೆ ಮಾಡಲು ಬರುವವರಿಗೆ, ಅವರ ಮಕ್ಕಳನ್ನು ಶಾಲೆಗೆ ಸೇರಿಸಲು ಅಂಜುತ್ತಾ ಬಾಗಿಲಲ್ಲಿ ನಿಲ್ಲುವ ತಾಯಂದಿರಿಗೆ ನಾವು ಹೇಳುವ ಮೊದಲ ಪದ ಯಾವುದು ಎಂದು ಊರಿನವರೂ ಸ್ವಲ್ಪ ಗಮನಿಸೋಣ. ಹೆಸರು ಕೇಳಿ ಹೆಸರಿನಿಂದ ಕರೆದರೆ ಅದಕ್ಕೆ ಯಾವ ಭಾಷೆಯಲ್ಲೂ ಅನುವಾದ ಬೇಕಾಗುವುದಿಲ್ಲ.

ನನ್ನನ್ನು ಕೊನೆಯ ಬೆಂಚಿನಿಂದ ಹೆಸರು ಹಿಡಿದು ಕರೆದು ಮುಂದೆ ಕೂರಿಸಿದ ಗುರುಗಳಿಗೆ ವಂದನೆಗಳು. ಶಾಲೆ ನೂರು ದಾಟಲಿ.